ಅಜ್ಜಿ ಎಲ್ಲಿ ಇಳಿಯಬೇಕು?

ಮಕ್ಕಳೇ, ಬೇಸಿಗೆ ರಜೆಗೆ ಊರಿನಿಂದ ಅಜ್ಜಿ ಬರ್ತಾರೆ ಅಂದ್ಕೊಳ್ಳಿ. ಟಿಕೆಟ್ ಬುಕ್ ಮಾಡುವಾಗ ಮೊದಲ ಪ್ರಶ್ನೆ: ಯಾವ ವಿಮಾನ ನಿಲ್ದಾಣಕ್ಕೆ? ಇದೂ ಒಂದು ಲೆಕ್ಕವೇ. ಬನ್ನಿ, ಒಟ್ಟಿಗೆ ಮಾಡೋಣ.

ನಮ್ಮ ಗಾಲ್ವೇ ಪಕ್ಕದ ಕಾರ್ನ್‌ಮೋರ್‌ನಲ್ಲಿ ಒಂದು ವಿಮಾನ ನಿಲ್ದಾಣ ಇತ್ತು. 2011ರಲ್ಲಿ ಅಲ್ಲಿಂದ ಪ್ರಯಾಣಿಕರ ವಿಮಾನಗಳು ನಿಂತುಹೋದವು. ಈಗ ನಮಗಿರುವುದು ಮುಖ್ಯವಾಗಿ ಮೂರು ದಾರಿ.

1. ಶಾನನ್: ಸುಮಾರು 85 ಕಿ.ಮೀ., ಕಾರಿನಲ್ಲಿ ಒಂದು ಗಂಟೆ.
2. ನಾಕ್: ದೂರ ಹೆಚ್ಚುಕಡಿಮೆ ಅಷ್ಟೇ. ಆದರೆ ಇಲ್ಲಿಗೆ ಬರುವ ವಿಮಾನಗಳು ಹೆಚ್ಚಾಗಿ ಬ್ರಿಟನ್ ಮತ್ತು ಯುರೋಪಿನ ಊರುಗಳಿಂದ.
3. ಡಬ್ಲಿನ್: 200 ಕಿ.ಮೀ.ಗಿಂತ ಹೆಚ್ಚು. ನಿಲ್ದಾಣದಿಂದಲೇ ಗಾಲ್ವೇಗೆ ನೇರ ಬಸ್ ಇದೆ, ಸುಮಾರು ಮೂರು ಗಂಟೆ.

ನಕ್ಷೆ ನೋಡಿದರೆ ಶಾನನ್ ಗೆದ್ದ ಹಾಗೆ ಕಾಣುತ್ತೆ. ಆದರೆ ಬೆಂಗಳೂರಿನಿಂದ ಐರ್ಲೆಂಡಿಗೆ ನೇರ ವಿಮಾನ ಇಲ್ಲ. ಹಾಗಾಗಿ ಎಲ್ಲಿ ಬದಲಾಯಿಸುತ್ತೇವೆ ಅನ್ನೋದನ್ನೂ ಲೆಕ್ಕಕ್ಕೆ ಸೇರಿಸಬೇಕು.

ದಾರಿ ಅ: ಬೆಂಗಳೂರು – ದುಬೈ – ಡಬ್ಲಿನ್. ಹಾರಾಟ ಸುಮಾರು 12 ಗಂಟೆ, ಆಮೇಲೆ ಬಸ್ಸಿನಲ್ಲಿ 3 ಗಂಟೆ.
ದಾರಿ ಆ: ಬೆಂಗಳೂರು – ಲಂಡನ್ ಹೀಥ್ರೋ – ಶಾನನ್. ಹಾರಾಟ ಸುಮಾರು 12 ಗಂಟೆ, ಆಮೇಲೆ ಕಾರಿನಲ್ಲಿ 1 ಗಂಟೆ.

ಎರಡರಲ್ಲೂ ಒಂದೇ ಬದಲಾವಣೆ. ನಡುವೆ ಕಾಯುವ ಹೊತ್ತು ಸಮ ಅಂತ ಇಟ್ಟುಕೊಂಡರೆ 'ಆ' ಎರಡು ಗಂಟೆ ಉಳಿಸುತ್ತೆ. ಹಾಗಾದ್ರೆ ಅದೇ ಸರಿಯಾ? ಈಗ ಪ್ರಯಾಣಿಕರು ಯಾರು ಅಂತ ನೋಡಿ.

ಐರಿಷ್ ಪಾಸ್‌ಪೋರ್ಟ್ ಇರುವ ಅಪ್ಪನಿಗೆ ಬ್ರಿಟನ್ ವೀಸಾ ಬೇಡ. ಅವರಿಗೆ 'ಆ' ಒಳ್ಳೆಯದೇ. ಭಾರತದ ಪಾಸ್‌ಪೋರ್ಟ್ ಇರುವ ಅಜ್ಜಿಗೆ ಹಾಗಲ್ಲ. ಹೀಥ್ರೋದಲ್ಲಿ ವಿಮಾನ ಬದಲಾಯಿಸಲು ಬ್ರಿಟನ್ನಿನ ಟ್ರಾನ್ಸಿಟ್ ನಿಯಮ ಅನ್ವಯಿಸುತ್ತೆ. ಟಿಕೆಟ್‌ಗೆ ಮುಂಚೆ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಅದನ್ನು ನೋಡಲೇಬೇಕು. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಬೇಕಾಗಿಯೂ ಬರಬಹುದು. ಕನ್ನಡ ಮಾತ್ರ ಬರುವ, ಮಂಡಿನೋವಿನ ಅಜ್ಜಿಗೆ ಉಳಿದ ಆ ಎರಡು ಗಂಟೆಗಿಂತ ಇದು ದೊಡ್ಡ ಕಷ್ಟ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡರೆ, ಸಾಮಾನ್ಯವಾಗಿ ನಡುವೆ ಬ್ಯಾಗ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಬ್ಯಾಗಿಗಾಗಿ ಆ ದೇಶದೊಳಗೆ ಹೋಗಬೇಕಾದರೆ ಅಲ್ಲಿನ ವೀಸಾ ಬೇಕಾದೀತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟಿನ ಖರ್ಚು ನಮ್ಮ ತಲೆಗೇ ಬರುವ ಸಾಧ್ಯತೆ ಹೆಚ್ಚು. ಐರ್ಲೆಂಡ್ ಷೆಂಗೆನ್ ಗುಂಪಿನಲ್ಲಿ ಇಲ್ಲ, ಹಾಗಾಗಿ ಐರಿಷ್ ವೀಸಾ ಇದ್ದ ಮಾತ್ರಕ್ಕೆ ಯುರೋಪಿನ ಎಲ್ಲ ಕಡೆ ಓಡಾಡಲು ಆಗಲ್ಲ. ಹಿರಿಯರಿಗೆ ಒಂದೇ ಟಿಕೆಟ್ ಮಾಡಿಸಿ, ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ.

ಅಂದರೆ ಮನೆಗೆ ಹತ್ತಿರದ ನಿಲ್ದಾಣವೇ ಅನುಕೂಲದ್ದು ಅಂತ ಹೇಳೋಕಾಗಲ್ಲ. ಬರುವವರಿಗೆ ದಾರಿಯಲ್ಲಿ ಎಲ್ಲಿ ತೊಂದರೆ ಕಡಿಮೆಯೋ ಅದೇ ಅನುಕೂಲ. ಡಬ್ಲಿನ್‌ಗೆ ಹೋಗಿ ಕರ್ಕೊಂಡು ಬರೋ ಮೂರು ಗಂಟೆ ನಮ್ಮ ಪಾಲಿಗಿರಲಿ.

ಮನೆಗೆಲಸ: ಈ ವಾರ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಈ ಮೂರು ಪ್ರಶ್ನೆ ಕನ್ನಡದಲ್ಲೇ ಕೇಳಿ, ಉತ್ತರ ಬರೆದು ತನ್ನಿ.
1. ನಿಮಗೆ ಎಷ್ಟು ದೂರ ನಡೆಯೋಕಾಗುತ್ತೆ?
2. ಜೊತೆಗೆ ಯಾರಾದರೂ ಬರ್ತಾರಾ?
3. ವಿಮಾನ ಬದಲಾಯಿಸುವಾಗ ಯಾವುದಕ್ಕೆ ಭಯ?