ಹೆಚ್ಚಾಗಿ ಬಂದ ಪಗಾರ

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಮುಂದೆ ಶಿಕ್ಷಕರೋ ಕಾರಖಾನೆಯ ಕೆಲಸಗಾರರೋ ಗುಮಾಸ್ತರೋ ಆಗಿ ಪಗಾರ ಪಡೆಯುವವರು. ಅವರ ಪಾಲಕರಲ್ಲಿ ಅನೇಕರು ದ್ರಾಕ್ಷಿ, ದಾಳಿಂಬೆಯ ತೋಟಗಳಲ್ಲಿ ದುಡಿದು ಕೂಲಿ ಪಡೆಯುತ್ತಿರುವರು. ಕಬ್ಬಿನ ಕಡಿತಕ್ಕೆಂದು ಪರಸ್ಥಳಕ್ಕೆ ಹೋಗುವವರೂ ಉಂಟು. ದುಡಿದುದಕ್ಕಿಂತ ಕಡಿಮೆ ಹಣ ಬಂದಾಗ ಮನಸ್ಸು ತಾನೇ ಎಚ್ಚರಗೊಳ್ಳುವದು. ಆದರೆ ಕೊಡುವವನ ಎಣಿಕೆ ತಪ್ಪಿ, ದುಡಿದುದಕ್ಕಿಂತ ಹೆಚ್ಚು ಹಣ ಬಂದರೆ ಮಾಡತಕ್ಕದ್ದೇನು? ಈ ಪಾಠವು ಕ್ರಮಿಕ ಪುಸ್ತಕಗಳಲ್ಲಿ ಕಾಣದಿರುವದರಿಂದ ಇಲ್ಲಿ ಅದನ್ನು ವಿಚಾರಿಸುವೆವು.

ಮೊದಲು ಶಬ್ದಗಳ ಅರ್ಥವನ್ನು ಸರಿಯಾಗಿ ತಿಳಿಯೋಣ. ಮರಾಠಿಯಲ್ಲಿ ಉಚಲ ಎನ್ನುವ ಮುಂಗಡವು ಹೆಚ್ಚಿನ ಪಗಾರವಲ್ಲ; ಅದು ಇಬ್ಬರಿಗೂ ತಿಳಿದು ಕೊಟ್ಟ, ದುಡಿದು ತೀರಿಸಬೇಕಾದ ಹಣ. ದೀಪಾವಳಿಯ ಬೋನಸ್ಸು ಕೊಡುವವನು ತಿಳಿದೇ ಕೊಟ್ಟದ್ದು. ಹೆಚ್ಚಾಗಿ ಬಂದ ಪಗಾರವೆಂದರೆ ತಪ್ಪಿನಿಂದ ಬಂದದ್ದು. ಆರು ದಿನ ದುಡಿದವಳ ಹೆಸರಿನ ಮುಂದೆ ಏಳು ದಿನದ ಹಾಜರಿ ಬಿದ್ದು, ದಿನಕ್ಕೆ 400 ರೂಪಾಯಿಯಂತೆ 2,400ರ ಬದಲು 2,800 ಕೈಗೆ ಬಂದಿತೆನ್ನಿರಿ. ಆ 400 ರೂಪಾಯಿ ಅವಳ ಕೈಯಲ್ಲಿ ಇದ್ದರೂ ಅವಳದಲ್ಲ.

ಈ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಮಕ್ಕಳು ಕೇಳಿರಬಹುದು. ಇವರು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದವರೆಂದು ಹೇಳುತ್ತಾರೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದೇ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರಬೇಕೆಂದು ಲಕ್ಕಮ್ಮನವರು ಮರಳಿ ಕಳುಹಿಸಿದರೆಂದು ಪರಂಪರೆ ಹೇಳುವದು. ಮನೆಯಲ್ಲಿ ಬಡತನವಿತ್ತು, ಆದರೂ ಇಂದಿನ ಕಾಯಕಕ್ಕೆ ಸಲ್ಲುವದೆಷ್ಟು ಎಂಬ ಲೆಕ್ಕ ಆ ತಾಯಿಗೆ ಸ್ಪಷ್ಟವಿತ್ತು.

ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ಮರಳಿಸಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮು ಹೇಳುತ್ತದೆ. ಹೆಚ್ಚಾಗಿ ಕೊಟ್ಟ ಪಗಾರವನ್ನು ಮುಂದಿನ ಪಗಾರದಲ್ಲಿ ಮುರಿದುಕೊಳ್ಳಲು 1936ರ ವೇತನ ಸಂದಾಯ ಕಾಯಿದೆಯು ಅನುಮತಿ ಕೊಟ್ಟಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಆ ಅನುಮತಿ ಉಂಟು. ಆದರೆ ಎಲ್ಲ ಬಗೆಯ ಕಡಿತಗಳೂ ಸೇರಿ ಆ ಅವಧಿಯ ಪಗಾರದ ಅರ್ಧವನ್ನು ಮೀರಕೂಡದೆಂದು ಸಂಹಿತೆಯು ಮಿತಿಯನ್ನು ಹಾಕಿದೆ.

ಒಂದು ಲೆಕ್ಕವನ್ನು ಮಾಡಿ ನೋಡಿರಿ. ಒಬ್ಬನ ತಿಂಗಳ ಪಗಾರ 15,000 ರೂಪಾಯಿ. ಕಚೇರಿಯ ತಪ್ಪಿನಿಂದ ಆರು ತಿಂಗಳವರೆಗೆ 1,500ರಂತೆ ಒಟ್ಟು 9,000 ಹೆಚ್ಚು ಬಂದಿದೆ. ಒಮ್ಮೆಲೇ ಮುರಿದುಕೊಂಡರೆ ಮನೆಗೆ 6,000 ಮಾತ್ರ ಬಂದೀತು. ಅರ್ಧದ ಮಿತಿಯೂ ಮೀರಿತು. ಆರು ತಿಂಗಳಲ್ಲಿ ಬಂದುದನ್ನು ಆರು ಕಂತುಗಳಲ್ಲಿ ಕೊಡುವೆನೆಂದು ಅರ್ಜಿ ಬರೆದುಕೊಟ್ಟು ಒಪ್ಪಿಗೆ ಪಡೆದರೆ, ತಿಂಗಳಿಗೆ 1,500 ಹೋಗಿ 13,500 ಉಳಿಯುವದು. ಸಾಲವೂ ತೀರುವದು, ಒಲೆಯೂ ಉರಿಯುವದು.

ಆದರೆ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಹೆಚ್ಚು ಬರುತ್ತಿರುವದು ಅರಿವಿಗೇ ಬಾರದೆ, ಹಲವು ವರ್ಷ ಆ ಹಣ ಮಕ್ಕಳ ಓದಿಗೂ ಔಷಧಕ್ಕೂ ಖರ್ಚಾಗಿ ಹೋದ ಮೇಲೆ ಮರಳಿ ಕೇಳಿದರೆ ಬಡ ನೌಕರನು ಎಲ್ಲಿಂದ ತರಬೇಕು? ಪಂಜಾಬ ರಾಜ್ಯ ಹಾಗೂ ರಫೀಕ್ ಮಸೀಹ್ ಇವರ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ 18ರಂದು ಇದನ್ನು ವಿಚಾರಿಸಿತು. ಮೋಸವನ್ನಾಗಲಿ ಸುಳ್ಳು ಹೇಳಿಕೆಯನ್ನಾಗಲಿ ಮಾಡದ ಸರಕಾರಿ ನೌಕರರಲ್ಲಿ ಮೂರನೆಯ ಮತ್ತು ನಾಲ್ಕನೆಯ ವರ್ಗದವರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ಸಂದಾಯ ನಡೆದಲ್ಲಿ ವಸೂಲಿ ಮಾಡಬಾರದೆಂದು ತೀರ್ಪಿತ್ತಿತು. ವಸೂಲಿಯು ಅತಿ ಕಠೋರವಾಗುವ ಇನ್ನಿತರ ಸಂದರ್ಭಗಳನ್ನೂ ಸೇರಿಸಿತು. ಹೆಚ್ಚು ಬಂದರೆ ಮರಳಿಸುವೆನೆಂದು ಮೊದಲೇ ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಯೊಬ್ಬರು ಮಾತ್ರ ಆ ಮಾತಿಗೆ ಬದ್ಧರೆಂದು 2016ರಲ್ಲಿ ಅದೇ ನ್ಯಾಯಾಲಯ ಹೇಳಿತು.

2022ರ ಮೇ 2ರಂದು ಕೇರಳದ ಒಬ್ಬ ನಿವೃತ್ತ ಮುಖ್ಯಾಧ್ಯಾಪಕರ ಮೊಕದ್ದಮೆಯು ತೀರಿತು. ಮೂಡಬಿದಿರೆಯ ಹತ್ತಿರದ ಬೆಳುವಾಯಿಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರು ಆ ಪೀಠದಲ್ಲಿದ್ದರು. ನಿಯಮದ ಅರ್ಥವನ್ನು ಇಲಾಖೆಯೇ ತಪ್ಪಾಗಿ ಮಾಡಿದ್ದರಿಂದ ವಸೂಲಿಯು ಸಲ್ಲದೆಂದು ಅಲ್ಲಿ ತೀರ್ಮಾನವಾಯಿತು. ಅದರೊಡನೆ ಇನ್ನೊಂದು ಮಾತನ್ನೂ ಪೀಠವು ಸ್ಪಷ್ಟಪಡಿಸಿತು: ಈ ರಿಯಾಯತಿಯು ನೌಕರನ ಹಕ್ಕಲ್ಲ, ಕಷ್ಟವನ್ನು ನೋಡಿ ತೋರುವ ದಯೆ; ಹೆಚ್ಚು ಬರುತ್ತಿದೆಯೆಂದು ನೌಕರನಿಗೆ ತಿಳಿದಿದ್ದರೆ ಅಥವಾ ತಪ್ಪು ಬೇಗನೆ ಹೊರಬಿದ್ದರೆ ವಸೂಲಿಗೆ ಅವಕಾಶವುಂಟು.

ಈ ಲೇಖನದ ಸಾರವೆಲ್ಲ ಇಲ್ಲಿಯೇ ಇದೆ. ನ್ಯಾಯದ ದಯೆಯು ತಿಳಿಯದೆ ಪಡೆದವನಿಗೆ. ತಿಳಿದೂ ಸುಮ್ಮನಿದ್ದವನಿಗೆ ಅಲ್ಲ. ತಪ್ಪು ಕೊಟ್ಟವನದಾಗಿರಬಹುದು, ಆದರೆ ನಮಗೆ ತಿಳಿದ ಗಳಿಗೆಯಿಂದ ಸುಮ್ಮನಿರುವ ತಪ್ಪು ನಮ್ಮದು.

ಆದುದರಿಂದ ಕೆಲವು ನಡೆಗಳನ್ನು ರೂಢಿಸಿಕೊಳ್ಳಬೇಕು. ಹಾಜರಿಯನ್ನು ಮನೆಯಲ್ಲಿಯೂ ಒಂದು ವಹಿಯಲ್ಲಿ ಬರೆದಿಡಿರಿ. ಓದು ಬಾರದ ತಾಯಿತಂದೆಗಳಿಗಾಗಿ ಮಕ್ಕಳೇ ಬರೆಯಲಿ. ಪಗಾರ ಬಂದ ದಿನ ಲೆಕ್ಕದ ಚೀಟಿಯನ್ನು ಆ ವಹಿಯೊಡನೆ ತಾಳೆ ನೋಡಿರಿ. ಹೆಚ್ಚೆಂದು ಕಂಡರೆ ಆ ಹಣವನ್ನು ಮುಟ್ಟದೆ ಬೇರೆ ತೆಗೆದಿಟ್ಟು, ಕೊಟ್ಟವರಿಗೆ ಬರಹದಲ್ಲಿ ತಿಳಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಅದು ಬಾಕಿ ಪಗಾರವೋ ಬಡತಿಯ ಹಣವೋ ಆಗಿರಬಹುದು. ಕೇಳಿ ನಿಶ್ಚಯಿಸಿಕೊಂಡ ಬಳಿಕವೇ ಮರಳಿಸಿರಿ. ಭವಿಷ್ಯ ನಿಧಿಯ ಕಡಿತವಿದ್ದಲ್ಲಿ, 3,000 ಹೆಚ್ಚು ಬರೆದಾಗ ಶೇಕಡಾ 12ರಂತೆ 360 ನಿಧಿಗೆ ಹೋಗಿ ಕೈಗೆ 2,640 ಮಾತ್ರ ಬಂದಿರುವದು. ಕೈಗೆ ಬಾರದ ಹಣವನ್ನು ಕೈಯಿಂದ ಕೊಡಬೇಕಾಗದಂತೆ ನಿಧಿಯ ಲೆಕ್ಕವನ್ನೂ ಸರಿಪಡಿಸಲು ಹೇಳಿರಿ. ಮರಳಿಸಿದ್ದಕ್ಕೆ ಪಾವತಿ ಪಡೆಯಿರಿ. ಹೆಚ್ಚು ಹಣ ಬಂದಿದೆ, ಈ ನಂಬರಿಗೆ ಕಳಿಸಿರೆಂದು ಅಪರಿಚಿತರು ಫೋನು ಮಾಡಿದರೆ ಕಳಿಸಲೇಬೇಡಿರಿ; ಅಂಥ ಮೋಸಗಳು ಈಗ ಬಹಳವಾಗಿವೆ. ಕಚೇರಿಗೇ ಹೋಗಿ ವಿಚಾರಿಸಿರಿ.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ಹೆಚ್ಚು ಬಂದುದನ್ನು ಮರಳಿಸುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಕಡಿಮೆ ಬಂದಾಗ ಅದೇ ವಹಿಯನ್ನು ಹಿಡಿದು, ಅದೇ ಮಕ್ಕಳ ಎದುರಿನಲ್ಲಿ, ನಿಮ್ಮ ಪಾಲನ್ನು ತಲೆ ತಗ್ಗಿಸದೆ ಕೇಳಿರಿ. ಎರಡನ್ನೂ ಕಂಡ ಮಗುವಿಗೆ ದುಡಿಮೆಯ ಬೆಲೆಯೆಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂಬದು ನಾವು ಕರಿಹಲಗೆಯ ಮೇಲೆ ಬರೆದು ತಿಳಿಸುವದಕ್ಕಿಂತ ಚೆನ್ನಾಗಿ ತಿಳಿಯುವದು.