ಸಗಣಿ, ಕೊಳಚೆ ನೀರು ಒಂದೇ ಕಡೆ: ಊರಿನ ಘಟಕಕ್ಕೆ ಸರ್ಕಾರದ ಹಣ, ಸದಸ್ಯರ ಹೊಣೆ



ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15 ಕಿಲೋ ಸಗಣಿ ಹಾಕುತ್ತದೆ. ಇಂತಹ 100 ಹಸುಗಳಿರುವ ಊರಿನಲ್ಲಿ ದಿನಕ್ಕೆ ಒಂದೂವರೆ ಟನ್ ಸಗಣಿಯಾಯಿತು. ಗಂಜಲ, ಕೊಟ್ಟಿಗೆ ತೊಳೆದ ನೀರು, ಮನೆಗಳ ಬಚ್ಚಲು ನೀರು ಬೇರೆ. ಹಾಲಿಗೆ ಎರಡು ಹೊತ್ತೂ ಅಳತೆ ಇದೆ, ಪುಸ್ತಕ ಇದೆ. ಇವಕ್ಕೆ ಯಾವ ಲೆಕ್ಕವೂ ಇಲ್ಲ. ಮಳೆ ಬಂದರೆ ತಿಪ್ಪೆಯ ರಸ ಚರಂಡಿಗೆ, ಚರಂಡಿ ನೀರು ಕೆರೆಗೆ ಸೇರುತ್ತದೆ.

ಇದರಿಂದ ಆಗುವ ಹಾನಿ ಏನು?

ತಿಪ್ಪೆಯಲ್ಲಿರುವ ಸಾರಜನಕ ನೈಟ್ರೇಟ್ ಆಗಿ ಭೂಮಿಗೆ ಇಳಿದು ಬಾವಿ, ಕೊಳವೆ ಬಾವಿಗಳ ನೀರನ್ನು ಸೇರಬಲ್ಲದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದುತ್ತದೆ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನಿಂತ ಕೊಳಚೆಯಲ್ಲಿ ಬಸವನಹುಳು ಬೆಳೆದು, ಅದರ ಮೂಲಕ ದನಗಳಿಗೆ ಯಕೃತ್ತಿನ ಜಂತು ತಗಲುತ್ತದೆ. ಗಂಜಲ ಸೇರಿದ ನೀರಿನಿಂದ ಇಲಿ ಜ್ವರ ಹರಡಬಲ್ಲದು. ಕೆಸರಿನಲ್ಲಿ ಮಲಗುವ ಹಸುವಿಗೆ ಕೆಚ್ಚಲು ಬಾವು ಬೇಗ ಬರುತ್ತದೆ. ಇವೆಲ್ಲದರ ನಷ್ಟ ಕೊನೆಗೆ ನಮ್ಮ ಹಾಲಿನ ಹಣದಿಂದಲೇ ಕಳೆಯುತ್ತದೆ.

ಒಂದೇ ಕಡೆ ಏಕೆ?

ಗೋಬರ್ ಅನಿಲ ಸ್ಥಾವರಕ್ಕೆ ಸಗಣಿಯಷ್ಟೇ ನೀರು ಬೇಕು. ಕೊಟ್ಟಿಗೆ ತೊಳೆದ ನೀರನ್ನೇ ಇದಕ್ಕೆ ಬಳಸಬಹುದು. ಸಾಬೂನು ಬೆರೆತ ಬಚ್ಚಲು ನೀರನ್ನು ಸ್ಥಾವರಕ್ಕೆ ಬಿಡಬಾರದು. ಅದನ್ನು ಮೊದಲು ಕಸ ತಡೆಯುವ ಜಾಲರಿ, ನಂತರ ಗಸಿ ಇಳಿಯುವ ತೊಟ್ಟಿ, ಆಮೇಲೆ ಬಿಸಿಲು ಬೀಳುವ ಹೊಂಡ ಅಥವಾ ಜೊಂಡು ಬೆಳೆಸಿದ ಜಲ್ಲಿ ಹಾಸಿನ ಮೂಲಕ ಹಾಯಿಸಿ ಶುದ್ಧಿ ಮಾಡಬೇಕು. ತೊಟ್ಟಿಯ ಗಸಿಯನ್ನು ಒಣ ಸೊಪ್ಪು, ಸಗಣಿಯೊಡನೆ ಕಾಂಪೋಸ್ಟ್ ಮಾಡಬಹುದು. ಶುದ್ಧವಾದ ನೀರು, ಸ್ಥಾವರದಿಂದ ಹೊರಬಂದ ಬಗ್ಗಡ ಎರಡನ್ನೂ ಪಕ್ಕದ ಮೇವಿನ ತಾಕಿಗೆ ಕೊಡಬಹುದು. ಒಂದೇ ಜಾಗ, ಒಂದೇ ಬೇಲಿ, ಒಬ್ಬನೇ ಕೆಲಸಗಾರ. ಬೇರೆ ಬೇರೆ ಕಟ್ಟಿದರೆ ಈ ಖರ್ಚುಗಳೆಲ್ಲ ಎರಡೆರಡು.

ಸರ್ಕಾರದ ಹಣ ಎಷ್ಟು?

2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತದ ಮಾರ್ಗಸೂಚಿಯಲ್ಲಿ, 5,000ದವರೆಗೆ ಜನಸಂಖ್ಯೆ ಇರುವ ಹಳ್ಳಿಗೆ ತಲಾ ಇಂತಿಷ್ಟು ಎಂದು ಮಿತಿ ಗೊತ್ತುಪಡಿಸಲಾಗಿತ್ತು. 2,000 ಜನರ ಊರಿಗೆ ಆ ದರದ ಲೆಕ್ಕ ಹೀಗೆ:

ಬಚ್ಚಲು ನೀರಿನ ನಿರ್ವಹಣೆ, ತಲಾ 280 ರೂ.: 5,60,000 ರೂ.
ಘನತ್ಯಾಜ್ಯ ನಿರ್ವಹಣೆ, ತಲಾ 60 ರೂ.: 1,20,000 ರೂ.
ಒಟ್ಟು: 6,80,000 ರೂ.

ಇದರಲ್ಲಿ ಶೇ. 30, ಅಂದರೆ 2,04,000 ರೂ.ಗಳನ್ನು ಗ್ರಾಮ ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಾಗಿತ್ತು. ಸಮುದಾಯ ಅನಿಲ ಸ್ಥಾವರಗಳಿಗೆ ಗೋಬರ್‌ಧನ್ ಯೋಜನೆಯಲ್ಲಿ ಜಿಲ್ಲೆಗೆ 50 ಲಕ್ಷ ರೂ.ವರೆಗೆ ಅವಕಾಶವಿತ್ತು. ಈ ವರ್ಷದ ದರ, ನಿಯಮಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಲ್ಲಿ ಕೇಳಿ ತಿಳಿಯಿರಿ.

ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಈ ಹಣ ಕಟ್ಟುವುದಕ್ಕೆ. ಕಟ್ಟಿದ ಮೇಲೆ ನಡೆಸುವುದು ಊರಿನ ಹೊಣೆ. ಒಂದು ಕಿಲೋ ಸಗಣಿಯಿಂದ ಸುಮಾರು 0.04 ಘನ ಮೀಟರ್ ಅನಿಲ ಬರುತ್ತದೆ. ಒಂದೂವರೆ ಟನ್ನಿಗೆ 60 ಘನ ಮೀಟರ್. ಇದು ದಿನಕ್ಕೆ ಎರಡು ಅಡಿಗೆ ಅನಿಲ ಸಿಲಿಂಡರಿಗಿಂತ ಸ್ವಲ್ಪ ಕಡಿಮೆ. ಅರ್ಧ ಸಗಣಿ ಬಂದರೆ ಅರ್ಧ ಅನಿಲ. ಏನೂ ಬರದಿದ್ದರೆ ಲಕ್ಷಾಂತರ ರೂಪಾಯಿಯ ಸ್ಥಾವರ ಬರಿಯ ಗುಂಡಿ. ಬಲ್ಕ್ ಕೂಲರ್ ಕೊಟ್ಟ ಮಾತ್ರಕ್ಕೆ ಹಾಲು ಬರುವುದಿಲ್ಲ, ಅಲ್ಲವೇ?

ಸಗಣಿ ಕೊಟ್ಟರೆ ಹೊಲಕ್ಕೇನು?

ಸದಸ್ಯರು ಕೇಳುವ ಈ ಪ್ರಶ್ನೆ ನ್ಯಾಯವಾದುದು. ಸ್ಥಾವರದೊಳಗೆ ಅನಿಲವಾಗಿ ಹೋಗುವುದು ಹೆಚ್ಚಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ. ಆದ್ದರಿಂದ ಕೊಟ್ಟ ಸಗಣಿಯ ತೂಕಕ್ಕೆ ತಕ್ಕಂತೆ ಬಗ್ಗಡವನ್ನು ಹಿಂದಕ್ಕೆ ಪಡೆಯುವ ಹಕ್ಕು ಸದಸ್ಯರಿಗೆ ಇರಬೇಕು. ಇದು ನಿಯಮದಲ್ಲಿ ಬರೆದಿರಬೇಕು.

ಡೆನ್ಮಾರ್ಕಿನಲ್ಲಿ ನಡೆದಿರುವುದು ಇದೇ. ಅಲ್ಲಿ 1990ರಲ್ಲಿ ಆರಂಭವಾದ ರೀಬೆ ಊರಿನ ಸ್ಥಾವರದಂತಹ ಸಾಮೂಹಿಕ ಘಟಕಗಳಿಗೆ ಸುತ್ತಲಿನ ರೈತರ ಸಗಣಿ ಟ್ಯಾಂಕರಿನಲ್ಲಿ ಬರುತ್ತದೆ. ಹುದುಗಿದ ಬಗ್ಗಡ ಮತ್ತೆ ಅವರ ಹೊಲಗಳಿಗೇ ಹೋಗುತ್ತದೆ. ಆಹಾರ ಕಾರ್ಖಾನೆಗಳ ತ್ಯಾಜ್ಯವೂ ಅದೇ ತೊಟ್ಟಿಯಲ್ಲಿ ಸಂಸ್ಕರಣೆಯಾಗುತ್ತದೆ. ನಮ್ಮ ದೇಶದಲ್ಲೇ ಗುಜರಾತಿನ ಆಣಂದ್ ಜಿಲ್ಲೆಯ ಜಕಾರಿಯಾಪುರದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ನೆರವಿನಿಂದ ಮನೆಮನೆಗೆ ಸ್ಥಾವರ ಹಾಕಿಸಿ, ಮಿಕ್ಕ ಬಗ್ಗಡವನ್ನು ಮಹಿಳೆಯರ ಸಹಕಾರ ಸಂಘ ಹಣ ಕೊಟ್ಟು ಕೊಳ್ಳುವ ಏರ್ಪಾಡು ಮಾಡಲಾಗಿದೆ. ಎರಡೂ ಕಡೆ ಕೊಟ್ಟವರಿಗೆ ಪ್ರತಿಫಲ ಉಂಟು. ಆದ್ದರಿಂದಲೇ ಕೊಡುತ್ತಾರೆ.

ಸದಸ್ಯರು ಪಾಲಿಸಬೇಕಾದವು

1. ಸಗಣಿಯನ್ನು ಆಯಾ ದಿನವೇ ಕೊಡಿ. ಮಣ್ಣು, ಕಲ್ಲು, ಉದ್ದನೆಯ ಹುಲ್ಲು ಬೆರೆಸಬೇಡಿ.
2. ಆ್ಯಂಟಿಬಯೋಟಿಕ್ ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿಯನ್ನು ಬೇರೆ ಇಡಿ. ಅನಿಲ ಮಾಡುವುದು ಜೀವಾಣುಗಳು. ಔಷಧಿ ಅವನ್ನೂ ಕೊಲ್ಲುತ್ತದೆ. ಎಷ್ಟು ದಿನ ಎಂದು ಪಶುವೈದ್ಯರನ್ನು ಕೇಳಿ.
3. ಫಿನೈಲ್, ಬ್ಲೀಚಿಂಗ್ ಪುಡಿ, ಗೊರಸಿಗೆ ಹಾಕುವ ಮೈಲುತುತ್ತದ ನೀರು ಸ್ಥಾವರಕ್ಕೆ ಸೇರಬಾರದು.
4. ಅಡಿಗೆ ಮನೆಯ ಹಸಿ ಕಸ ಹಾಕಬಹುದು. ಪ್ಲಾಸ್ಟಿಕ್, ಗಾಜು, ಸೂಜಿ ಬೇಡ.
5. ಶೌಚಾಲಯದ ಗುಂಡಿಯ ಮಲವನ್ನು ಈ ತೊಟ್ಟಿ, ಹೊಂಡಗಳಿಗೆ ಸುರಿಯಬಾರದು.
6. ಬಗ್ಗಡದಲ್ಲಿ ರೋಗಾಣುಗಳು ಕಡಿಮೆಯಾಗುತ್ತವೆ, ಪೂರ್ತಿ ಸಾಯುವುದಿಲ್ಲ. ಮೇವಿನ ತಾಕಿಗೆ ಹಾಕಿದ ಮೇಲೆ ಮೂರು ವಾರವಾದರೂ ಬಿಟ್ಟು ಕೊಯ್ಯಿರಿ.
7. ತೊಟ್ಟಿಯೊಳಗೆ ಯಾರೂ ಇಳಿಯಬಾರದು. ವಿಷಾನಿಲದಿಂದ ಕ್ಷಣದಲ್ಲಿ ಪ್ರಾಣ ಹೋಗುತ್ತದೆ.

ಗ್ರಾಮಸಭೆಯಲ್ಲಿ ಕೇಳಿ

ಘಟಕದ ಪ್ರಸ್ತಾಪ ಬಂದಾಗ ಕಟ್ಟಡದ ಮೊತ್ತವನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಸಗಣಿ ಖಚಿತವಾಗಿ ಸಿಗುತ್ತದೆ? ತೂಗುವವರು ಯಾರು? ಕೆಲಸಗಾರನ ಸಂಬಳ ಯಾವ ಬಾಬಿನಿಂದ? ಅನಿಲ ಯಾರ ಮನೆಗೆ, ಬಗ್ಗಡ ಯಾರ ಹೊಲಕ್ಕೆ? ಹೊಂಡದ ಹೂಳು ತೆಗೆಸುವುದು ಯಾವಾಗ? ಈ ಐದಕ್ಕೆ ಉತ್ತರ ಸಿಕ್ಕ ಮೇಲೆಯೇ ಒಪ್ಪಿಗೆ ಕೊಡಿ.

ತೂಕ, ಲೆಕ್ಕ, ಬಟವಾಡೆ ಹಾಲಿನ ಸಂಘಗಳಿಗೆ ಹೊಸದಲ್ಲ. ಇದೇ ಶಿಸ್ತನ್ನು ಸಗಣಿಗೂ ತಂದರೆ ಸರ್ಕಾರದ ಹಣ ಮಣ್ಣುಪಾಲಾಗದು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಚರ್ಚಿಸಿ, ನಿಮ್ಮ ಊರಿನ ದನಗಳ ಸಂಖ್ಯೆಯನ್ನೂ ಸಗಣಿಯ ಅಂದಾಜನ್ನೂ ಬರೆದಿಟ್ಟುಕೊಳ್ಳುವಂತೆ ಸಂಘದ ಕಾರ್ಯದರ್ಶಿಗಳಲ್ಲಿ ಕೋರಲಾಗಿದೆ.