ಒಂಬತ್ತರ ಹುಡುಗನಿಗೂ ಬಿ.ಪಿ. ಬರುತ್ತದೆಯೇ?

ಪ್ರಶ್ನೆ: ಮಗನಿಗೆ 9 ವರ್ಷ. ತಲೆನೋವೆಂದು ತೋರಿಸಿದಾಗ ಬಿ.ಪಿ. 128/84 ಇತ್ತು. ‘ಮಕ್ಕಳಿಗೆಲ್ಲಿಯ ಬಿ.ಪಿ., ಹೆದರಿದ್ದಾನೆ’ ಎಂದು ಮನೆಯವರು ಸುಮ್ಮನಾದರು. ನನ್ನ ಮಾವನವರ ಎರಡೂ ಕಿಡ್ನಿಯಲ್ಲಿ ನೀರುಗುಳ್ಳೆಗಳಿವೆ, ಡಯಾಲಿಸಿಸ್ ನಡೆದಿದೆ. ಅವರ ಅಣ್ಣ ತೀರಿಕೊಂಡದ್ದೂ ಕಿಡ್ನಿ ಕೆಟ್ಟೇ. ನಾನು ಸೋದರಮಾವನನ್ನು ಮದುವೆಯಾದದ್ದೇ ಕಾರಣ ಅಂತ ನೆಂಟರು, ಬೋರ್‌ವೆಲ್ ನೀರು ಅಂತ ಯಜಮಾನರು. ಏನು ಮಾಡಲಿ?
– ಒಬ್ಬ ತಾಯಿ, ಹಿರಿಯೂರು ತಾಲ್ಲೂಕು

ಉತ್ತರ: ತಂಗೀ, ನೀರಿನ ಮಾತು ಮೊದಲು ಮುಗಿಸೋಣ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದೆ, ನಿಜ. ಅದು ಕೆಡಿಸುವುದು ಮುಖ್ಯವಾಗಿ ಹಲ್ಲು, ಮೂಳೆ. ಎರಡೂ ಕಿಡ್ನಿ ತುಂಬ ಗುಳ್ಳೆ, ಅಣ್ಣನಿಗೂ ಕಿಡ್ನಿ ಕಾಯಿಲೆ ಎಂದರೆ ನನ್ನ ಅನುಮಾನ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯ ಮೇಲೆ. ಹೆಚ್ಚಾಗಿ ಪಿಕೆಡಿ1 ಇಲ್ಲವೇ ಪಿಕೆಡಿ2 ಎಂಬ ಜೀನಿನ ದೋಷದಿಂದ ಬರುವಂಥದ್ದು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಶೇ 50ರಷ್ಟು ಸಾಧ್ಯತೆ.

ಸೋದರ ಸಂಬಂಧದಿಂದ ಇದು ಹುಟ್ಟುವುದಿಲ್ಲ. ಆ ಕೊರಗು ಬಿಡಿ. ಆದರೆ ನಿಮ್ಮ ಮಾವ ನಿಮಗೆ ತಾಯಿಯ ತಂದೆಯೂ ಹೌದಲ್ಲವೇ? ದೋಷ ಯಜಮಾನರಿಗೆ ಬಂದಿರಬಹುದಾದಷ್ಟೇ ನಿಮ್ಮ ತಾಯಿಗೂ, ಅವರಿಂದ ನಿಮಗೂ ಬಂದಿರಬಹುದು. ಮೂವರೂ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಅಜ್ಜನಿಗೆ ಕಿಡ್ನಿ ಕೊಡುವ ಯೋಚನೆ ಮನೆಯಲ್ಲಿದ್ದರೆ, ಅದಕ್ಕೂ ಮೊದಲೇ.

ಇನ್ನು ಮಗ. 120/80 ದೊಡ್ಡವರ ಲೆಕ್ಕ; ಮಕ್ಕಳದ್ದನ್ನು ವಯಸ್ಸು, ಎತ್ತರ ನೋಡಿ ಹೇಳಬೇಕು. ಒಂಬತ್ತಕ್ಕೆ 128/84 ಹೆಚ್ಚೇ. ಪುಟ್ಟ ತೋಳಿಗೆ ದೊಡ್ಡವರ ಪಟ್ಟಿ ಸುತ್ತಿದ್ದರಂತೂ ಇರುವುದಕ್ಕಿಂತ ಕಡಿಮೆ ತೋರಿಸಿರುತ್ತದೆ! ಹೆದರಿಕೆಯೋ ಕಾಯಿಲೆಯೋ ಎಂಬುದು ಮಕ್ಕಳ ಪಟ್ಟಿಯಲ್ಲಿ ಮತ್ತೆ ಮತ್ತೆ ಅಳೆದರೆ ತಿಳಿಯುತ್ತದೆ. ಜೊತೆಗೆ ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ, ಸ್ಕ್ಯಾನಿಂಗ್ ಬೇಕು. ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಾಣದಿದ್ದರೂ ಈ ವಯಸ್ಸಿಗೆ ಅದು ಕೊನೆಯ ಮಾತಲ್ಲ, ಬಿ.ಪಿ. ನೋಡಿಸುತ್ತಲೇ ಇರಬೇಕು. ಜೀನ್ ತೆಗೆದುಹಾಕಲಾಗದು, ಬಿ.ಪಿ.ಯನ್ನು ಮಾತ್ರೆಯಿಂದ ಹಿಡಿದಿಡಬಹುದು, ಅದರಿಂದ ಕಿಡ್ನಿ ಹೆಚ್ಚು ಕಾಲ ಬಾಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಕಡಿಮೆ ಮಾಡಿ. ತಲೆನೋವಿಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಕೊಡಬೇಡಿ.

ಈ ವಾರವೇ ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಅಗತ್ಯಬಿದ್ದರೆ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿ ತಜ್ಞರಿದ್ದಾರೆ. ವಾಂತಿ, ಕಣ್ಣು ಮಂಜು, ಫಿಟ್ಸ್ ಕಂಡರೆ ವಾರ ಕಾಯದೆ ಆಗಲೇ ಹೊರಡಿ. ಹೋಗುವಾಗ ಅಜ್ಜನ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಮರೆಯದೆ ಒಯ್ಯಿರಿ.